ಏಳು ಹೊಲದ ತೊಗರಿ, ಒಂದೇ ಲೆಕ್ಕದ ಪುಸ್ತಕ

ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ಕಪ್ಪು ಮಣ್ಣು, ಮುಂಗಾರಿಗೆ ತೊಗರಿ. ಹೂ ಬಿಡುವ ಹೊತ್ತಿಗೆ ಮೋಡ ಕಟ್ಟಿತೆಂದರೆ ಎಲ್ಲರಿಗೂ ಕಾಯಿಕೊರಕದ್ದೇ ಚಿಂತೆ. 1997-98ರಲ್ಲಿ ಈ ಹುಳ ಬೆಳೆ ತಿಂದು ಹಾಕಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಆ ಭಯಕ್ಕೇ ಒಬ್ಬರು ಕೀಟನಾಶಕದ ಎಣ್ಣೆ ಹೊಡೆದರೆ ಪಕ್ಕದವರೂ ಹುಳ ನೋಡದೆ ಸುಮ್ನೆ ಹೊಡೆಯುತ್ತಿದ್ದೆವು.

ಎರಡು ವರ್ಷದ ಹಿಂದೆ ಹಳ್ಳದ ದಂಡೆಯ ಏಳು ಹೊಲದವರು ಸೇರಿದೆವು. ಎಕರೆಗೆ ಎರಡು ಮೋಹಕ ಬಲೆ (ಈ ಹುಳದ ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಚೀಲಕ್ಕೆ ಬೀಳಿಸುವ ಬಲೆ) ಕಟ್ಟುವುದು, ಬಿದ್ದ ಪತಂಗ ಎಷ್ಟು ಅಂತ ವಾಟ್ಸಾಪ್‌ಗೆ ಹಾಕುವುದು. ಅಷ್ಟೇ ಯೋಜನೆ. ಅದು ಸಾಲದು ಅಂತ ಮೊದಲ ವಾರವೇ ಗೊತ್ತಾಯಿತು. ನನ್ನ ಬಲೆಯಲ್ಲಿ 21, ಪಕ್ಕದ ಹೊಲದ ಕಾಕಾ ಅವರದರಲ್ಲಿ 4. ನಾನು ಗಾಬರಿಯಾಗಿ ಪಂಪು ತೊಳೆದಿಟ್ಟೆ. ಕಾಕಾ ಕೇಳಿದರು, "ತಮ್ಮಾ, ಚೀಲ ಯಾವಾಗ ಖಾಲಿ ಮಾಡಿದ್ದಿ?" ನನ್ನ 21 ಆರು ರಾತ್ರಿಯದು. ಅವರ 4 ಒಂದೇ ರಾತ್ರಿಯದು!

ಅಂದೇ ಕೂತು ಕಟ್ಟುನಿಟ್ಟು ಮಾಡಿಕೊಂಡೆವು. ದಿನಾ ಬೆಳಿಗ್ಗೆ ಎಣಿಸಿ ಚೀಲ ಖಾಲಿ ಮಾಡಬೇಕು. ವಾರಕ್ಕೆರಡು ಸಲ ಹತ್ತು ಗಿಡ ನೋಡಬೇಕು. ತಳಿ, ಬಿತ್ತಿದ ತಾರೀಖು, ಮೊಗ್ಗೋ ಹೂವೋ ಕಾಯೋ, ಮೊಟ್ಟೆ ಎಷ್ಟು, ಕೀಡೆ ಎಷ್ಟು, ಏನು ಹೊಡೆದೆವು, ಎಲ್ಲ ಬರೆಯಬೇಕು. "ಜಾಸ್ತಿ", "ಸ್ವಲ್ಪ" ನಡೆಯುವುದಿಲ್ಲ. ಹುಳ ಇಲ್ಲದಿದ್ದರೆ ಸೊನ್ನೆ ಬರೆಯಲೇಬೇಕು. ಜಾಗ ಖಾಲಿ ಬಿಟ್ಟರೆ ಹುಳ ಇರಲಿಲ್ಲವೋ, ಅವರು ಹೊಲಕ್ಕೇ ಹೋಗಲಿಲ್ಲವೋ ತಿಳಿಯಲ್ಲ ಅಲ್ವಾ? ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಈ ಸೊನ್ನೆಯೇ.

ಮೊಟ್ಟೆ ಹುಡುಕಲು ಕಣ್ಣು ಪಳಗಬೇಕು. ಮೊಗ್ಗಿನ ಗೊಂಚಲನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರೆ ಗಸಗಸೆಗಿಂತ ಸಣ್ಣ, ತಿಳಿ ಹಳದಿ ಚುಕ್ಕೆ. ಒಡೆಯಲು ಮೂರ್ನಾಲ್ಕು ದಿನ ಬೇಕು. ನಮಗೆ ಸಿಗುವ ಸಮಯ ಅಷ್ಟೇ.

ಕಳೆದ ವರ್ಷ ಎಲ್ಲರಿಗಿಂತ ಮೊದಲು ಬಿತ್ತಿದ ಹೊಲದಲ್ಲೇ ಹೂ ಮೊದಲು ಬಂತು, ಮೊಟ್ಟೆಯೂ ಮೊದಲು ಕಂಡಿತು. ಸುದ್ದಿ ಬಂದ ದಿನವೇ ನಾವೆಲ್ಲ ನಮ್ಮ ನಮ್ಮ ಗಿಡ ನೋಡಿದೆವು. ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡೆ ದಾಟಿದರೆ ಮಾತ್ರ ಔಷಧಿ ಅಂತ ಮಾತಾಗಿತ್ತು. ನಾಲ್ಕು ಹೊಲ ದಾಟಿದ್ದವು. ರಾತ್ರಿಯೇ ಬೇವಿನ ಬೀಜದ ಪುಡಿ ನೆನೆಹಾಕಿದೆವು, ನೂರು ಲೀಟರಿಗೆ ಐದು ಕೆಜಿ. ವಾರದ ನಂತರವೂ ಮರಿ ಕೀಡೆ ಕಂಡಲ್ಲಿ ಎನ್‌ಪಿವಿ, ಅಂದರೆ ಕೀಡೆಗೆ ರೋಗ ತಂದು ಕೊಲ್ಲುವ ನಂಜಾಣು, ಎಕರೆಗೆ 100 ಎಲ್‌ಇ (ಈ ನಂಜಾಣುವಿನ ಅಳತೆ). ಬಿಸಿಲಿಗೆ ಅದರ ಕಸುವು ಹೋಗುತ್ತದೆ, ಅದಕ್ಕೇ ಸಂಜೆ ಹೊಡೆದೆವು. ದೊಡ್ಡ ಕೀಡೆಗಳನ್ನು ಹಳೇ ಪದ್ಧತಿಯಂತೆ ಗಿಡದ ಕೆಳಗೆ ತಾಡಪತ್ರಿ ಹಾಸಿ, ಅಲುಗಾಡಿಸಿ ಬೀಳಿಸಿದೆವು. ಉಳಿದ ಮೂರು ಹೊಲಕ್ಕೆ ಏನೂ ಹೊಡೆಯಲಿಲ್ಲ.

ಲೆಕ್ಕವನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡೋಣ ಅಂದಾಗ ಒಬ್ಬರು ಹಿಂಜರಿದರು. "ನನ್ನ ಹೊಲದ ಹುಳದ ಸುದ್ದಿ ಊರಿಗೆಲ್ಲ ಯಾಕೆ?" ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹೆಸರು, ಸರ್ವೆ ನಂಬರ್ ತೆಗೆದು, ಬರೀ ತಳಿ, ತಾರೀಖು, ಸಂಖ್ಯೆ ಕೊಟ್ಟೆವು. ಈ ಸಲ ಅವರೇ ಎಲ್ಲರಿಗಿಂತ ಮೊದಲು ಬಲೆ ಕಟ್ಟಿದ್ದಾರೆ.