ಟೆಂಡರ್ ಮೇಲ್ಮನವಿಯ ಕಡತವನ್ನು ನಾನು ಓದುತ್ತಿದ್ದ ಬಗೆ

ಸರ್ಕಾರಿ ಕಾಮಗಾರಿಗಳ ಇಂಜಿನಿಯರ್ ಆಗಿ ಮೂರು ದಶಕ ಕಳೆದು ಮುಖ್ಯ ಇಂಜಿನಿಯರ್ ಹುದ್ದೆಗೆ ಬಂದ ವರ್ಷವೇ ನನ್ನ ಮುಂದೆ ಮೊದಲ ಟೆಂಡರ್ ಮೇಲ್ಮನವಿ ಬಂದಿತು. ಅಲ್ಲಿಯವರೆಗೆ ನಾನು ಟೆಂಡರ್ ಕರೆದಿದ್ದೆ, ಲಕೋಟೆ ತೆರೆದಿದ್ದೆ, ಅಂಗೀಕರಿಸಿದ್ದೆ. ಆದರೆ ಅಂಗೀಕಾರವೇ ತಪ್ಪೆಂದು ವಾದಿಸುವವರ ಮಾತನ್ನು ಕೇಳಿ ತೀರ್ಮಾನಿಸುವ ಜಾಗದಲ್ಲಿ ಎಂದೂ ಕುಳಿತಿರಲಿಲ್ಲ. ನಾವೆಲ್ಲ ಕೆಟಿಪಿಪಿ ಕಾಯ್ದೆ ಎಂದು ಕರೆಯುವ ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಕಲಂ 13ರ ಅಡಿ ಅಂಗೀಕಾರದ ಆದೇಶವಾಗುತ್ತದೆ. ಅದರಿಂದ ನೊಂದ ಟೆಂಡರ್‌ದಾರನು ಆದೇಶ ಕೈಸೇರಿದ 30 ದಿನಗಳೊಳಗೆ ಕಲಂ 16ರ ಅಡಿ, ಸರ್ಕಾರ ಗೊತ್ತುಪಡಿಸಿದ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆ ಅಧಿಕಾರಿ ಎರಡೂ ಪಕ್ಷಗಳನ್ನು ಕೇಳಿ, ಸಾಧ್ಯವಾದಷ್ಟೂ 30 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಟೆಂಡರನ್ನು ಸರ್ಕಾರವೇ ಅಂಗೀಕರಿಸಿದ್ದರೆ ಈ ಮೇಲ್ಮನವಿಗೆ ಅವಕಾಶವಿಲ್ಲ. ಅಂಥವರು ರಿಟ್ ಅರ್ಜಿಯೊಂದಿಗೆ ಹೈಕೋರ್ಟಿಗೇ ಹೋಗಬೇಕಾಗುತ್ತದೆ.

ಆ ಮೊದಲ ಮೇಲ್ಮನವಿಯಲ್ಲಿ ನಾನು ತಪ್ಪು ಮಾಡಿದೆ. ಗುತ್ತಿಗೆದಾರರೊಬ್ಬರ ತಾಂತ್ರಿಕ ಲಕೋಟೆಯನ್ನು, ಅಂದರೆ ಅರ್ಹತೆಯ ದಾಖಲೆಗಳ ಲಕೋಟೆಯನ್ನು, 'ಅನುಭವ ಸಾಲದು' ಎಂಬ ಎರಡೇ ಪದಗಳ ಷರಾದೊಂದಿಗೆ ತಿರಸ್ಕರಿಸಲಾಗಿತ್ತು. ವಿಚಾರಣೆಯ ದಿನ ನಮ್ಮ ಅಧಿಕಾರಿ ಎದ್ದು ನಿಂತು, ಅವರ ಯಂತ್ರೋಪಕರಣಗಳ ಪಟ್ಟಿಯಲ್ಲೂ ಕೊರತೆಯಿದೆ, ವಾರ್ಷಿಕ ವಹಿವಾಟಿನ ಪ್ರಮಾಣಪತ್ರವೂ ಸರಿಯಿಲ್ಲ ಎಂದು ವಿವರಿಸಿದರು. ಎರಡೂ ನಿಜವೇ ಆಗಿದ್ದುದರಿಂದ ಅವನ್ನು ಸೇರಿಸಿಯೇ ನಾನು ಮೇಲ್ಮನವಿಯನ್ನು ವಜಾ ಮಾಡಿದೆ. ಹೈಕೋರ್ಟ್ ನನ್ನ ಆದೇಶವನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿತು. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ನಾನು ಓದಿದ್ದು ಆಮೇಲೆ: ಆದೇಶವೊಂದು ಅದರಲ್ಲಿ ಬರೆದ ಕಾರಣಗಳ ಮೇಲೆಯೇ ನಿಲ್ಲಬೇಕು, ನಂತರ ನ್ಯಾಯಾಲಯಕ್ಕೆ ಸಲ್ಲಿಸುವ ಅಫಿಡವಿಟ್‌ನಲ್ಲಿ ಹೊಸ ಕಾರಣಗಳನ್ನು ತುಂಬಿ ಅದನ್ನು ಉಳಿಸಿಕೊಳ್ಳುವಂತಿಲ್ಲ. ಆ ಗುತ್ತಿಗೆದಾರರಿಗೆ ನನ್ನಿಂದ ಆರು ತಿಂಗಳು ನಷ್ಟವಾಯಿತು. ಅಂದಿನಿಂದ ಪ್ರತಿ ಮೇಲ್ಮನವಿಯಲ್ಲೂ ಮೊದಲು ಪರಿಶೀಲನಾ ಸಮಿತಿಯ ನಡವಳಿಯನ್ನು ತರಿಸಿ, ಅದರಲ್ಲಿದ್ದ ಕಾರಣವನ್ನು ಅಕ್ಷರಶಃ ಒಂದು ಹಾಳೆಯ ಮೇಲೆ ಬರೆದುಕೊಂಡು, ವಿಚಾರಣೆಯುದ್ದಕ್ಕೂ ಆ ಹಾಳೆಯನ್ನು ಎದುರಿಗಿಟ್ಟುಕೊಳ್ಳುತ್ತಿದ್ದೆ.

ಎರಡನೆಯದಾಗಿ ನೋಡುತ್ತಿದ್ದುದು, ಒಬ್ಬರಿಗೆ ಹಿಡಿದ ಅಳತೆಗೋಲನ್ನು ಎಲ್ಲರಿಗೂ ಹಿಡಿದಿದ್ದಾರೆಯೇ ಎಂಬುದನ್ನು. ಒಮ್ಮೆ ಒಬ್ಬ ಮೇಲ್ಮನವಿದಾರರ ಕಾಮಗಾರಿ ಪ್ರಮಾಣಪತ್ರಕ್ಕೆ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಸಹಿ ಮಾಡಿದ್ದರು. ಟೆಂಡರ್ ದಸ್ತಾವೇಜಿನಲ್ಲಿ ಕಾರ್ಯಪಾಲಕ ಇಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದವರ ಸಹಿ ಬೇಕೆಂದಿತ್ತು. ಅಷ್ಟಕ್ಕೇ ನಿಂತಿದ್ದರೆ ತಿರಸ್ಕಾರ ಸರಿಯೇ. ಆದರೆ ಇತರರ ಲಕೋಟೆಗಳನ್ನು ತೆಗೆಸಿ ನೋಡಿದಾಗ, ಅರ್ಹರೆಂದು ಘೋಷಿತರಾಗಿದ್ದ ಇನ್ನೊಬ್ಬರ ಪ್ರಮಾಣಪತ್ರದಲ್ಲೂ ಅದೇ ದರ್ಜೆಯವರ ಸಹಿ ಇತ್ತು. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕಾಮಗಾರಿಗೆ ಸಂಬಂಧಿಸಿದ ಜಿ.ಜೆ. ಫರ್ನಾಂಡಿಸ್ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್, ಷರತ್ತೊಂದನ್ನು ಸಡಿಲಿಸಿದ್ದರೂ ಆ ಸಡಿಲಿಕೆ ಪಕ್ಷಪಾತವಿಲ್ಲದೆ ಎಲ್ಲರಿಗೂ ಸಮನಾಗಿ ಅನ್ವಯವಾಗಿದ್ದರೆ ಮಧ್ಯಪ್ರವೇಶದ ಅಗತ್ಯವಿಲ್ಲ ಎಂದಿತ್ತು. ನನ್ನ ಮುಂದಿದ್ದುದು ಅದರ ವಿರುದ್ಧದ ಸ್ಥಿತಿ, ಆದ್ದರಿಂದ ಆ ಮೇಲ್ಮನವಿಯನ್ನು ಪುರಸ್ಕರಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಬಹಳ ಹೊತ್ತು ಹಿಡಿದದ್ದು ಟೆಂಡರ್ ಸಾಮರ್ಥ್ಯದ, ಅಂದರೆ ಗುತ್ತಿಗೆದಾರ ಇನ್ನೆಷ್ಟು ಹೊಸ ಕೆಲಸ ವಹಿಸಿಕೊಳ್ಳಬಲ್ಲ ಎಂಬ ಲೆಕ್ಕದ ಪ್ರಕರಣ. ಗುರುತು ಸಿಗದಂತೆ ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ. ಅದು 380 ಲಕ್ಷ ರೂಪಾಯಿಗಳ ರಸ್ತೆ ಕಾಮಗಾರಿ, ಅವಧಿ ಒಂದು ವರ್ಷ. ಸರ್ಕಾರದ ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಸ್ತಾವೇಜಿನಂತೆ, ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯವನ್ನು ಇಂದಿನ ದರಕ್ಕೆ ಏರಿಸಿ, ಕಾಮಗಾರಿಯ ಅವಧಿಯ ವರ್ಷಗಳಿಂದಲೂ 1.5ರಿಂದಲೂ ಗುಣಿಸಿ, ಆ ಅವಧಿಯಲ್ಲಿ ಮುಗಿಸಬೇಕಾದ ಕೈಯಲ್ಲಿರುವ ಕೆಲಸಗಳ ಮೌಲ್ಯವನ್ನು ಕಳೆಯಬೇಕು. ಅತಿ ಕಡಿಮೆ ದರ ನಮೂದಿಸಿದವರ ಗರಿಷ್ಠ ವಾರ್ಷಿಕ ಕೆಲಸ 410 ಲಕ್ಷ, 1.5ರಿಂದ ಗುಣಿಸಿದರೆ 615 ಲಕ್ಷ. ಅವರೇ ಘೋಷಿಸಿದ ಬಾಕಿ ಕೆಲಸ 155 ಲಕ್ಷ. ಹೀಗೆ ಉಳಿದ 460 ಲಕ್ಷದ ಆಧಾರದ ಮೇಲೆ ಸಮಿತಿ ಅವರನ್ನು ಅರ್ಹರೆಂದಿತ್ತು. ಮೇಲ್ಮನವಿದಾರರು, ಬೇರೊಂದು ಇಲಾಖೆಯಲ್ಲಿ ಆ ಅತಿ ಕಡಿಮೆ ದರದವರ ಹೆಸರಿನಲ್ಲಿದ್ದ ಇನ್ನೊಂದು ಕಾಮಗಾರಿಯ ಅಂಗೀಕಾರ ಪತ್ರದ ಪ್ರತಿಯನ್ನು ತಂದಿದ್ದರು. ಅದರಲ್ಲಿ ಮುಂದಿನ 12 ತಿಂಗಳಲ್ಲಿ ಮುಗಿಯಬೇಕಾದ ಭಾಗ 120 ಲಕ್ಷ. ಅದನ್ನೂ ಕಳೆದರೆ ಉಳಿಯುವುದು 340 ಲಕ್ಷ, ಅಂದರೆ ಟೆಂಡರ್ ಮೊತ್ತಕ್ಕಿಂತ 40 ಲಕ್ಷ ಕಡಿಮೆ.

ಎದುರುದಾರರ ವಕೀಲರು ಎರಡು ಮಾತು ಹೇಳಿದರು. ಭೂಮಿ ಹಸ್ತಾಂತರವಾಗದೆ ಆ ಕೆಲಸ ನಿಂತಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಒಂದು. ಸುಪ್ರೀಂ ಕೋರ್ಟಿನ 1994ರ ಟಾಟಾ ಸೆಲ್ಯುಲರ್ ತೀರ್ಪಿನಂತೆ ತೀರ್ಮಾನದ ಕ್ರಮವನ್ನು ಮಾತ್ರ ಪರಿಶೀಲಿಸಬೇಕೇ ಹೊರತು ತೀರ್ಮಾನವನ್ನಲ್ಲ ಎಂಬುದು ಇನ್ನೊಂದು. ಎರಡನೆಯ ವಾದವನ್ನು ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಆ ಸಂಯಮ ನ್ಯಾಯಾಲಯಗಳು ತಮಗೆ ಹಾಕಿಕೊಂಡದ್ದು. ಆಡಳಿತದ ತೀರ್ಮಾನವನ್ನು ತಿದ್ದುವ ಪರಿಣತಿ ತಮಗಿಲ್ಲವೆಂಬುದು ಅದಕ್ಕೆ ಅವು ಕೊಟ್ಟ ಕಾರಣಗಳಲ್ಲೊಂದು. ಕಾಯ್ದೆಯೇ ಇಂಜಿನಿಯರ್ ಒಬ್ಬನ ಮುಂದೆ ಮೇಲ್ಮನವಿಗೆ ಅವಕಾಶ ಕೊಟ್ಟಿರುವಾಗ, ಅವನು ಗುಣಾಕಾರ ವ್ಯವಕಲನಗಳನ್ನೂ ಪರೀಕ್ಷಿಸದೆ ಆ ತೀರ್ಪಿನ ಮರೆಯಲ್ಲಿ ನಿಂತರೆ ನೊಂದವನಿಗೆ ಆ ಲೆಕ್ಕವನ್ನು ಪರೀಕ್ಷಿಸುವ ಬೇರೆ ಬಾಗಿಲೇ ಉಳಿಯುವುದಿಲ್ಲ. ಮೊದಲನೆಯ ವಾದದಲ್ಲಿ ಹುರುಳಿತ್ತು. ನಿಂತ ಕೆಲಸವನ್ನು ಬಿಡಬೇಕೋ ಹಿಡಿಯಬೇಕೋ ಎಂಬುದನ್ನು ಸಮಿತಿ ನಿರ್ಧರಿಸಬಹುದಿತ್ತು. ಆದರೆ ಹಾಗೆ ನಿರ್ಧರಿಸಲು ಆ ಕೆಲಸ ಪಟ್ಟಿಯಲ್ಲಿ ಕಾಣಿಸಿಕೊಂಡಿರಬೇಕಿತ್ತು. ತಪ್ಪು ಮಾಹಿತಿ ಕೊಟ್ಟವರನ್ನು ಅನರ್ಹಗೊಳಿಸಬಹುದೆಂಬ ಷರತ್ತು ಅದೇ ದಸ್ತಾವೇಜಿನಲ್ಲಿದೆ.

ಮೇಲ್ಮನವಿದಾರರು ತಮಗೇ ಕೆಲಸ ಕೊಡಿಸಬೇಕೆಂದು ಕೇಳಿದ್ದರು. ಅದನ್ನು ನಾನು ಕೊಡಲಿಲ್ಲ. ಕಲಂ 13 ಹೇಳುವುದು ಮೊದಲೇ ಪ್ರಕಟಿಸಿದ ಮಾನದಂಡಗಳಂತೆ ಅತಿ ಕಡಿಮೆಯೆಂದು ಕಂಡುಬಂದ ಟೆಂಡರಿನ ಬಗ್ಗೆ. ಆ ಲೆಕ್ಕವನ್ನು ಪೂರ್ತಿ ಮಾಡಬೇಕಾದವರು ಅಂಗೀಕರಿಸುವ ಅಧಿಕಾರಿಯೇ. ಆದ್ದರಿಂದ ಅಂಗೀಕಾರವನ್ನು ರದ್ದುಪಡಿಸಿ, ಇನ್ನೊಂದು ಇಲಾಖೆಯಿಂದ ಬಾಕಿ ಕೆಲಸದ ಪತ್ರವನ್ನು ನೇರವಾಗಿ ತರಿಸಿಕೊಂಡು, ತಾಂತ್ರಿಕ ಮೌಲ್ಯಮಾಪನದ ಹಂತದಿಂದ ಎಲ್ಲ ಟೆಂಡರ್‌ದಾರರ ಸಾಮರ್ಥ್ಯವನ್ನೂ ಮತ್ತೆ ಲೆಕ್ಕ ಹಾಕುವಂತೆ ಆದೇಶಿಸಿದೆ.

ಇದು ಸಾಧ್ಯವಾದದ್ದು ಆ ಮೇಲ್ಮನವಿದಾರರು ಐದನೆಯ ದಿನವೇ ನನ್ನ ಬಳಿ ಬಂದಿದ್ದರಿಂದ. ಆಗಿನ್ನೂ ಕರಾರುಪತ್ರಕ್ಕೆ ಸಹಿಯಾಗಿರಲಿಲ್ಲ. ಕಾಯ್ದೆ 30 ದಿನ ಕೊಟ್ಟಿದೆಯೆಂದು ಕಾಯುವವರಿಗೆ ನಾನು 1979ರ ರಮಣ ದಯಾರಾಂ ಶೆಟ್ಟಿ ಪ್ರಕರಣವನ್ನು ನೆನಪಿಸುತ್ತೇನೆ. ಮುಂಬಯಿ ವಿಮಾನ ನಿಲ್ದಾಣದ ಉಪಾಹಾರ ಮಳಿಗೆಗಳ ಆ ವ್ಯಾಜ್ಯದಲ್ಲಿ, ಪ್ರಾಧಿಕಾರ ತಾನೇ ವಿಧಿಸಿದ ಅರ್ಹತೆಯನ್ನು ತಾನೇ ಮುರಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆದರೂ ಅರ್ಜಿದಾರರು ತಡವಾಗಿ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆ ಪಡೆದವರು ಹಣ ಹೂಡಿದ್ದರು. ಹೀಗಾಗಿ ಗುತ್ತಿಗೆಯನ್ನು ಮಾತ್ರ ರದ್ದುಪಡಿಸಲಿಲ್ಲ.

ಮರುಲೆಕ್ಕದಲ್ಲಿ ಮೊದಲಿನವರು ಅನರ್ಹರಾದರು; ಕೆಲಸ ಪಡೆದ ಮುಂದಿನವರ ದರ ಸುಮಾರು ಒಂಬತ್ತು ಲಕ್ಷ ಹೆಚ್ಚಿತ್ತು. ಸಾರ್ವಜನಿಕರ ಹಣ ಅಷ್ಟು ಹೆಚ್ಚು ಹೋಯಿತಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಪರಿಶೀಲನೆಯ ದಿನವೇ ಆ ಲೆಕ್ಕವನ್ನು ಯಾರಾದರೂ ಬರೆದಿಟ್ಟಿದ್ದರೆ ನಾಲ್ಕು ತಿಂಗಳ ವಿಳಂಬವಾದರೂ ತಪ್ಪುತ್ತಿತ್ತು, ಏಕೆಂದರೆ ಕಡತದಲ್ಲಿ 'ಸಾಮರ್ಥ್ಯ ಇದೆ' ಎಂಬ ಒಂದು ಸಾಲಿನ ಹೊರತು ಬೇರೇನೂ ಇರಲಿಲ್ಲ. ಆ ವಾರವೇ ನನ್ನ ವಲಯದ ಎಲ್ಲ ಕಚೇರಿಗಳಿಗೆ ಸುತ್ತೋಲೆ ಕಳುಹಿಸಿದೆ: ಪ್ರತಿ ಟೆಂಡರ್‌ದಾರರ ಸಾಮರ್ಥ್ಯದ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು, ಸಮಿತಿಯ ಸದಸ್ಯರೆಲ್ಲರೂ ಸಹಿ ಹಾಕಿ, ದರ ನಮೂದಿಸಿದ ಆರ್ಥಿಕ ಲಕೋಟೆ ತೆರೆಯುವ ಮೊದಲೇ ಕಡತಕ್ಕೆ ಸೇರಿಸತಕ್ಕದ್ದು.