ಕುಡಿದದ್ದು ಇಳಿಯಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕುವುದು ಹೀಗೆ

ಜಾಸ್ತಿ ಕುಡಿದವರಿಗೆ ಒಬ್ಬರು ಸ್ಟ್ರಾಂಗ್ ಕಾಫಿ ಕುಡಿಸುತ್ತಾರೆ. ಇನ್ನೊಬ್ಬರು ತಲೆ ಮೇಲೆ ತಣ್ಣೀರು ಸುರಿಯುತ್ತಾರೆ. ನಿಂಬೆರಸ ಹಿಂಡುವವರೂ ಇದ್ದಾರೆ. ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮೆದುರು ಇರುವುದು ನಿದ್ದೆ ಹಾರಿಹೋದ, ಮೈಯೆಲ್ಲ ಒದ್ದೆಯಾದ ಅದೇ ಕುಡುಕ. ಅಮಲು ಇಳಿಸುವ ಕೆಲಸ ಲಿವರ್‌ನದು. ಅದಕ್ಕೆ ಅದರದೇ ನಡಿಗೆ ಇದೆ. ಯಾರು ಅವಸರಪಡಿಸಿದರೂ ಅದು ಓಡುವುದಿಲ್ಲ.

ಹೆಜ್ಜೆ 1: ಲೋಟ ಬಿಡಿ, ಗ್ರಾಂ ಎಣಿಸಿ

ಬಾಟಲಿಯ ಮೇಲೆ ಬರೆದಿರುವ ಶೇಕಡಾ ಪ್ರಮಾಣ ನೋಡಿ. ಎಷ್ಟು ಎಂಎಲ್ ಕುಡಿದಿರೋ ಅದನ್ನು ಆ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ. ಬಂದದ್ದನ್ನು 0.8ರಿಂದ ಗುಣಿಸಿ. ಆಲ್ಕೋಹಾಲ್ ನೀರಿಗಿಂತ ಹಗುರ, ಅದಕ್ಕೇ ಈ 0.8.

ಶೇ 5ರ ಬಿಯರ್ 500 ಎಂಎಲ್ ಅಂದರೆ 20 ಗ್ರಾಂ. ಶೇ 40ರ ವಿಸ್ಕಿ 60 ಎಂಎಲ್ ಅಂದರೆ ಸುಮಾರು 19 ಗ್ರಾಂ. 'ನಾನು ಬರೀ ಬಿಯರ್ ಕುಡಿಯೋದು' ಎನ್ನುವವರು ಈ ಎರಡು ಸಾಲನ್ನು ಇನ್ನೊಮ್ಮೆ ಓದಬೇಕು, ಅಲ್ವಾ?

ಹೆಜ್ಜೆ 2: ಹೊಟ್ಟೆಯಲ್ಲಿ ಏನಿತ್ತು?

ಆಲ್ಕೋಹಾಲ್‌ಗೆ ಅನ್ನದಂತೆ ಜೀರ್ಣವಾಗುವ ಹಂಗಿಲ್ಲ, ಇದ್ದ ಹಾಗೇ ರಕ್ತಕ್ಕೆ ಸೇರುತ್ತದೆ. ಸ್ವಲ್ಪ ಹೊಟ್ಟೆಯಲ್ಲಿ, ಬಹುಪಾಲು ಸಣ್ಣ ಕರುಳಿನಲ್ಲಿ. ಊಟ ಮಾಡಿದ್ದರೆ ಹೊಟ್ಟೆ ತನ್ನ ಬಾಗಿಲನ್ನು ಬೇಗ ತೆರೆಯುವುದಿಲ್ಲ, ಅಮಲು ನಿಧಾನಕ್ಕೆ ಏರುತ್ತದೆ. ಖಾಲಿ ಹೊಟ್ಟೆಗೆ ಕುಡಿದರೆ ಒಮ್ಮೆಲೇ ನುಗ್ಗುತ್ತದೆ.

ರಕ್ತಕ್ಕೆ ಸೇರಿದ್ದು ಮೈಯ ನೀರಿನಲ್ಲೆಲ್ಲ ಹರಡುತ್ತದೆ. ಹೆಂಗಸರ ದೇಹದಲ್ಲಿ ನೀರಿನ ಪಾಲು ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಅಷ್ಟೇ ತೂಕದ ಗಂಡಸಿನಷ್ಟೇ ಕುಡಿದರೂ ಅವರಿಗೆ ಅಮಲು ಜಾಸ್ತಿ. ಇದಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ.

ಹೆಜ್ಜೆ 3: 7ರಿಂದ ಭಾಗಿಸಿ

ಸಾಧಾರಣ ಮೈಕಟ್ಟಿನ ವಯಸ್ಕರ ಲಿವರ್ ಗಂಟೆಗೆ ಸುಮಾರು 7 ಗ್ರಾಂ ಆಲ್ಕೋಹಾಲ್ ಕರಗಿಸುತ್ತದೆ. ಮುಂದೆ ಎಷ್ಟೇ ಕ್ಯೂ ನಿಂತಿದ್ದರೂ ಒಂದೇ ಕೌಂಟರ್, ಒಂದೇ ಸ್ಪೀಡ್. ಉಸಿರು, ಬೆವರು, ಮೂತ್ರದಲ್ಲಿ ಹೋಗುವುದು ಶೇ 10ಕ್ಕಿಂತ ಕಡಿಮೆ. ಓಡಿ ಬೆವರು ಸುರಿಸಿದರೂ ದೊಡ್ಡ ಲಾಭವಿಲ್ಲ.

ಅದೇ ಬಿಯರ್ ನಾಲ್ಕು ಕುಡಿದರೆ 80 ಗ್ರಾಂ. ಭಾಗಿಸಿದರೆ ಹನ್ನೊಂದು ಗಂಟೆಗೂ ಜಾಸ್ತಿ. ರಾತ್ರಿ ಎಂಟಕ್ಕೆ ಶುರು ಮಾಡಿದವರು ಬೆಳಿಗ್ಗೆ ಏಳಕ್ಕೆ ಹಲ್ಲುಜ್ಜಿ, ಸ್ನಾನ ಮಾಡಿ, ಗಾಡಿ ಕೀ ಕೈಗೆತ್ತಿಕೊಂಡಾಗಲೂ ರಕ್ತ ಪೂರ್ತಿ ತಿಳಿಯಾಗಿರುವುದಿಲ್ಲ. ಇದು ಅಂದಾಜು ಮಾತ್ರ, ಒಬ್ಬೊಬ್ಬರ ಲಿವರ್ ಒಂದೊಂದು ಥರ. ಈ ಲೆಕ್ಕ ನಂಬಿ ಗಾಡಿ ಹತ್ತಬೇಡಿ.

ಕೌಂಟರ್ ಒಳಗಿನ ಕೆಲಸ ಎರಡು ಹಂತದ್ದು. ಒಂದು ಕಿಣ್ವ (ಎನ್‌ಜೈಮ್) ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಇದು ಮೂಲಕ್ಕಿಂತ ದೊಡ್ಡ ವಿಷ, ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಬೇಗನೆ ನಿರುಪದ್ರವಿ ಅಸಿಟೇಟ್ ಆಗಿಸುತ್ತದೆ. ಕೊನೆಗೆ ಉಳಿಯುವುದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್. ಪೂರ್ವ ಏಷ್ಯಾದ ಎಷ್ಟೋ ಜನರಲ್ಲಿ ಎರಡನೇ ಕಿಣ್ವ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಅವರಿಗೆ ಒಂದೆರಡು ಗುಟುಕಿಗೇ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಬೇಕೆಂದೇ ಇದೇ ಕಿಣ್ವವನ್ನು ತಡೆಯುತ್ತದೆ.

ಈ ಗಲಾಟೆಯಲ್ಲಿ ಲಿವರ್‌ನ ಉಳಿದ ಕೆಲಸ ಹಿಂದೆ ಬೀಳುತ್ತದೆ. ಕೊಬ್ಬು ಅಲ್ಲೇ ಕೂರುತ್ತದೆ. ಹೊಸ ಸಕ್ಕರೆ ತಯಾರಿಯೂ ಕುಂಟುತ್ತದೆ. ಡಯಾಬಿಟಿಸ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ಕುಡಿದರೆ ಸಕ್ಕರೆ ಪ್ರಮಾಣ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಅಷ್ಟರಲ್ಲಿ ಮಿದುಳಿನಲ್ಲಿ

ಆಲ್ಕೋಹಾಲ್ ಮಿದುಳಿನ ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತದೆ. ಮೊದಲು ಮಂಕಾಗುವುದು ವಿವೇಕ. ಹಾಗಾಗಿಯೇ ಶುರುವಿನಲ್ಲಿ ಉತ್ಸಾಹ, ಮಾತು ಜಾಸ್ತಿ. ಆಮೇಲೆ ನಾಲಿಗೆ ತೊದಲುತ್ತದೆ, ಕಾಲು ತಪ್ಪುತ್ತದೆ. ಇನ್ನೂ ಏರಿದರೆ ನೆನಪು ದಾಖಲಾಗುವುದೇ ನಿಲ್ಲುತ್ತದೆ. ಮರುದಿನ ನೆನಪಾಗುವುದಿಲ್ಲ ಎನ್ನುವವರು ಎಲ್ಲ ಸಲವೂ ನಾಟಕ ಆಡುತ್ತಿರುವುದಿಲ್ಲ. ಕೊನೆಗೆ ಉಸಿರಾಟಕ್ಕೇ ಕುತ್ತು.

ಹೆಜ್ಜೆ 4: ಬಿದ್ದವರನ್ನು ಒಬ್ಬರೇ ಬಿಡಬೇಡಿ

'ಮಲಗಲಿ ಬಿಡಿ, ಇಳಿಯುತ್ತೆ' ಎನ್ನುವುದು ಎಲ್ಲಕ್ಕಿಂತ ಕೆಟ್ಟ ಸಲಹೆ. ಕೊನೆಯ ಲೋಟ ಇನ್ನೂ ಹೊಟ್ಟೆಯಲ್ಲೇ ಇರಬಹುದು. ಮಲಗಿದ ಮೇಲೂ ಅಮಲು ಏರುತ್ತಲೇ ಹೋಗಬಹುದು. ಅಂಗಾತ ಮಲಗಿಸಬೇಡಿ, ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಪಕ್ಕಕ್ಕೆ ತಿರುಗಿಸಿ, ಮೇಲಿನ ಕಾಲನ್ನು ಮಡಚಿ ಆಸರೆ ಕೊಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಉಸಿರು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಬಿಡುವು ಬಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ, ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಇವುಗಳಲ್ಲಿ ಒಂದು ಕಂಡರೂ ಸಾಕು, ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ಪಕ್ಕದಲ್ಲೇ ಕುಳಿತಿರಿ.