ದಣಿದ ದಿನದ ಉಡುಗೆ: ಮೈಗೆ ಸಡಿಲ, ಅಂಚಿಗೆ ಬಿಗಿ

ಸಂಜೆ ಬ್ಯಾಗು ಕೆಳಗಿಟ್ಟ ತಕ್ಷಣ ನನ್ನ ಕೈ ಹೋಗುತ್ತಿದ್ದುದು ಕುರ್ಚಿಯ ಬೆನ್ನಿಗೆ ಜೋತುಬಿದ್ದಿರುತ್ತಿದ್ದ ಹಳೆಯ ಟೀ ಶರ್ಟಿನತ್ತಲೇ. ಕೊರಳಪಟ್ಟಿ ಹಿಗ್ಗಿ ಒಂದು ಹೆಗಲಿನಿಂದ ಜಾರುತ್ತಿತ್ತು. ಎದೆಯ ಮೇಲಿನ ಅಕ್ಷರಗಳು ಅರ್ಧಂಬರ್ಧ ಅಳಿಸಿದ್ದವು. ಅದರಷ್ಟು ಹಿತವಾದ ಬಟ್ಟೆ ಇನ್ನೊಂದಿರಲಿಲ್ಲ, ನಿಜ. ಆದರೆ ಕರೆಗಂಟೆ ಬಾರಿಸಿದರೆ ಮುಕ್ಕಾಲು ಮೈಯನ್ನು ಬಾಗಿಲ ಹಿಂದೆ ಮರೆಮಾಡಿಕೊಂಡು ಮುಖವನ್ನಷ್ಟೇ ಹೊರಚಾಚಬೇಕಾಗುತ್ತಿತ್ತು. ಕನ್ನಡಿಯ ಮುಂದೆ ಹಾದರಂತೂ ಇದ್ದ ಆಯಾಸ ಇಮ್ಮಡಿಯಾಗುತ್ತಿತ್ತು.

ಹಾಗೆಂದು, ಸುಸ್ತಾದ ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದಲ್ಲಿ ಕೂರಿ ಎನ್ನುವಷ್ಟು ಕಟುಕತನ ನನ್ನಲ್ಲಿಲ್ಲ. ಹಲವು ತಪ್ಪು ಖರೀದಿಗಳ ನಂತರ ಹೊಳೆದದ್ದು ಇಷ್ಟು: ಬಟ್ಟೆ ಸಡಿಲವಾಗಿದ್ದರೆ ನೋಟ ಕೆಡುವುದಿಲ್ಲ, ಅದರ ಅಂಚು ಸೋತಿದ್ದರೆ ಕೆಡುತ್ತದೆ. ನಮಗೆ ಹಿತ ಬೇಕಾಗುವುದು ಹೊಟ್ಟೆ, ಬೆನ್ನು, ಮೊಣಕಾಲುಗಳ ಬಳಿ. ನೋಡುವವರ ಕಣ್ಣು ನಿಲ್ಲುವುದು ಕೊರಳು, ಹೆಗಲು, ಮಣಿಕಟ್ಟು, ಕಾಲಿನ ಹರಡಿನ ಬಳಿ. ಇವೆರಡಕ್ಕೂ ಜಗಳವೇ ಇಲ್ಲ.

ಮೊದಲ ಹೆಜ್ಜೆ: ಉತ್ಸಾಹವಿರುವ ದಿನವೇ ಜೋಡಿಸಿಡಿ

ದಣಿದವರಿಗೆ ಆಯ್ಕೆ ಮಾಡುವುದೂ ಒಂದು ಕೆಲಸವೇ. ಕಪಾಟು ತೆರೆದು ಯೋಚಿಸುವ ಬದಲು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡುಬಿಡುತ್ತೇವೆ. ಆದ್ದರಿಂದ ರಜೆಯ ದಿನ ಅರ್ಧ ಗಂಟೆ ಕೂತು ಮೂರು ಜೊತೆ ಮಾಡಿ. ಪ್ಯಾಂಟನ್ನು ಉದ್ದಕ್ಕೆ ಮಡಚಿ, ಮೇಲೆ ಅಂಗಿಯನ್ನಿಟ್ಟು ಚಾಪೆಯಂತೆ ಸುರುಳಿ ಸುತ್ತಿ ಒಂದೇ ಕಡೆ ಇಡಿ. ಒಂದು ಮೈಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಮೂರಕ್ಕಿಂತ ಹೆಚ್ಚು ಬೇಕಾಗಿಲ್ಲ.

ಎರಡನೆಯದು: ಬಟ್ಟೆಯನ್ನು ಎಳೆದು ನೋಡಿ

ಅಂಗಡಿಯಲ್ಲಿ ನಾವು ಬಟ್ಟೆಯನ್ನು ಬೆರಳಿನಿಂದ ಸವರಿ ‘ಮೆತ್ತಗಿದೆ’ ಎಂದು ತೀರ್ಮಾನಿಸಿಬಿಡುತ್ತೇವೆ. ಹೊಸ ಬಟ್ಟೆಯ ನುಣುಪು ಎಷ್ಟೋ ಸಲ ಮೇಲೆ ಬಳಿದ ಲೇಪದ್ದು. ಕೆಲವೇ ಒಗೆತಗಳಲ್ಲಿ ಹೋಗಿಬಿಡುತ್ತದೆ. ಹೀಗೆ ಪರೀಕ್ಷಿಸಿ: ಪ್ಯಾಂಟಿನ ಮೊಣಕಾಲಿನ ಜಾಗವನ್ನು ಮುಷ್ಟಿಯ ಮೇಲೆ ಬಿಗಿಯಾಗಿ ಎಳೆದು ಹಿಡಿದು ಇಪ್ಪತ್ತರವರೆಗೆ ಎಣಿಸಿ. ಬಿಟ್ಟ ಮೇಲೆ ಬಟ್ಟೆ ಸಪಾಟಾದರೆ ಸರಿ. ಮುಷ್ಟಿಯ ಗುಬುಟು ಹಾಗೆಯೇ ಉಳಿದರೆ ಒಂದು ಸಂಜೆ ಕಾಲು ಮಡಚಿ ಕೂತೇಳುವಷ್ಟರಲ್ಲಿ ಮೊಣಕಾಲು ಜೋಳಿಗೆಯಾಗುತ್ತದೆ.

ಹೀಗೆ ಮರಳಿ ಸರಿಹೋಗುವ ಗುಣ ಹೆಚ್ಚಾಗಿ ಬರುವುದು ನೂಲಿನೊಂದಿಗೆ ಸೇರಿಸಿದ ಎಲಾಸ್ಟೇನ್‌ನಿಂದ. ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ 1958ರಲ್ಲಿ ಕಂಡುಹಿಡಿದ ಎಳೆ ಇದು. ಸ್ಪ್ಯಾಂಡೆಕ್ಸ್ ಎಂದರೂ ಅದೇ. ಲೇಬಲ್‌ನಲ್ಲಿ ಶೇ 95 ಹತ್ತಿ, ಶೇ 5 ಎಲಾಸ್ಟೇನ್ ಎಂದಿದ್ದರೆ ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಮೋಡಾಲ್ ಬೆರೆತಿದ್ದರೆ ಬಟ್ಟೆ ಮೈಮೇಲೆ ನೀರಿನಂತೆ ಇಳಿಬೀಳುತ್ತದೆ. ಅದು ಬೀಚ್ ಮರದ ತಿರುಳಿನಿಂದ ತೆಗೆದ ನೂಲು. ಬರೀ ಪಾಲಿಯೆಸ್ಟರ್ ಆದರೆ ಬೆವರನ್ನು ಹೀರುವುದೇ ಇಲ್ಲ ಎನ್ನಬಹುದು, ಸೆಕೆಯಲ್ಲಿ ಬೇಡ. ಚಳಿಗೆ ಮಾತ್ರ ಅದರ ಫ್ಲೀಸ್, ಅಂದರೆ ತುಪ್ಪಳದಂಥ ಮೆತ್ತನೆಯ ಬಟ್ಟೆ, ಚೆನ್ನ.

ಬಟ್ಟೆಯ ತೂಕವನ್ನೂ ಗಮನಿಸಿ. ಲೇಬಲ್ಲಿನಲ್ಲಿ ಜಿಎಸ್‌ಎಂ ಎಂದಿರುವುದು ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಮೇಲಂಗಿಗೆ 160ರಿಂದ 180, ಪ್ಯಾಂಟಿಗೆ 220ರಿಂದ 280 ನನಗೆ ಒಗ್ಗಿದ ಅಳತೆ. ತೀರಾ ತೆಳುವಾದ ಬಟ್ಟೆ ಮೈಯ ಪ್ರತಿ ಉಬ್ಬುತಗ್ಗಿಗೂ ಅಂಟಿಕೊಳ್ಳುತ್ತದೆ. ತುಸು ತೂಕವಿದ್ದರೆ ತಾನೇ ನೇರವಾಗಿ ಇಳಿದು ನಿಲ್ಲುತ್ತದೆ.

ಮೂರನೆಯದು: ಅಂಚುಗಳ ತಪಾಸಣೆ

ಇಲ್ಲಿ ಅವಸರ ಬೇಡ. ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಮೊದಲು ಹೆಗಲಿನ ಹೊಲಿಗೆ ನೋಡಿ. ಅದು ಹೆಗಲ ಮೂಳೆಯ ತುದಿಯಲ್ಲಿರಬೇಕು, ಇಲ್ಲವೇ ಬೇಕೆಂದೇ ನಾಲ್ಕು ಬೆರಳು ಕೆಳಗಿಳಿದಿರಬೇಕು. ನಡುವೆಲ್ಲೋ ನಿಂತರೆ ಅಣ್ಣನ ಅಂಗಿ ತೊಟ್ಟ ಹುಡುಗನಂತೆ ಕಾಣುತ್ತದೆ. ಕೊರಳಪಟ್ಟಿಯನ್ನು ಹೊರಳಿಸಿ ನೋಡಿ: ರಿಬ್ ಹೆಣಿಗೆಯ (ಉದ್ದುದ್ದ ಏಣುಗಳಿರುವ, ಹಿಗ್ಗುವ ಹೆಣಿಗೆ) ದಪ್ಪ ಪಟ್ಟಿಯಾಗಿದ್ದು ಎಳೆದು ಬಿಟ್ಟರೆ ಹಿಂದಕ್ಕೆ ಹಾರಬೇಕು. ಅಂಗಿಯ ಅದೇ ತೆಳು ಬಟ್ಟೆಯನ್ನು ಮಡಚಿ ಹೊಲಿದಿದ್ದರೆ ಕೆಲವು ತಿಂಗಳಲ್ಲಿ ಅಲೆ ಅಲೆಯಾಗಿ ಮುದುಡುತ್ತದೆ. ತೋಳು ಉದ್ದವಾಗಿದ್ದರೆ ಮೊಣಕೈವರೆಗೆ ಏರಿಸಿ ನೋಡಿ. ಅಲ್ಲೇ ನಿಂತರೆ ಗೆದ್ದಿರಿ. ಕೈಯ ಸಪೂರ ಭಾಗ ಕಂಡರೆ ಎಷ್ಟು ದೊಗಳೆ ಅಂಗಿಯಾದರೂ ಒಂದು ಆಕಾರ ಸಿಗುತ್ತದೆ.

ಪ್ಯಾಂಟಿನ ವಿಷಯದಲ್ಲಿ ಸೋಲುವುದು ಉದ್ದದಲ್ಲಿ. ಹಿಮ್ಮಡಿಯ ಕೆಳಗೆ ಸಿಕ್ಕಿ ನೆಲ ಗುಡಿಸುವ ಅಂಚಿಗೆ ಯಾವ ದುಬಾರಿ ಬಟ್ಟೆಯೂ ಮರ್ಯಾದೆ ತಂದುಕೊಡದು. ಒಂದೋ ಹರಡಿನ ಬಳಿ ರಿಬ್ ಪಟ್ಟಿಯಿಂದ ಹಿಡಿದಿರಲಿ, ಇಲ್ಲವೇ ನೇರ ಕಾಲಿನದಾದರೆ ಪಾದದ ಮೇಲೆ ಬೆರಳಗಲ ಎತ್ತರಕ್ಕೆ ಮಡಚಿ ಹೊಲಿಸಿ.

ಫ್ರಾನ್ಸಿನ ವಿನ್ಯಾಸಕಿ ಕೊಕೊ ಶನೆಲ್ 1916ರ ಹೊತ್ತಿಗೆ ಹೆಂಗಸರ ಉಡುಪಿಗೆ ಹತ್ತಿರ ತಂದ ಜರ್ಸಿ ಎಂಬ ಹೆಣೆದ ಬಟ್ಟೆ ಅದುವರೆಗೆ ಹೆಚ್ಚಾಗಿ ಗಂಡಸರ ಒಳ ಉಡುಪಿಗೆ ಬಳಕೆಯಾಗುತ್ತಿತ್ತು. ಬಟ್ಟೆ ಅದೇ, ಕತ್ತರಿ ಬೇರೆ. ಟೀ ಶರ್ಟಿನ ಬಟ್ಟೆಯೂ ಈ ಜರ್ಸಿಯೇ ಎಂಬುದು ನೆನಪಿದ್ದರೆ, ಅದನ್ನು ಕೀಳಾಗಿ ಕಾಣುವುದು ನಿಲ್ಲುತ್ತದೆ.

ನಾಲ್ಕನೆಯದು: ಸೊಂಟಕ್ಕೆ ಕೂತು ಅಳತೆ ತೆಗೆಯಿರಿ

ನಿಂತಾಗ ಹಿತವಾಗಿರುವ ಎಲಾಸ್ಟಿಕ್ ಕೂತಾಗ ಹೊಟ್ಟೆ ಕಚ್ಚುತ್ತದೆ. ಟ್ರಯಲ್ ಕೋಣೆಯಲ್ಲಿ ಸ್ಟೂಲ್ ಇದ್ದರೆ ಕೂತು, ಇಲ್ಲವಾದರೆ ಕುಕ್ಕರಗಾಲಲ್ಲಿ ಕುಳಿತು ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವೆಯೇ ನೋಡಿ. ಅಗಲ ಪಟ್ಟಿ ಒತ್ತಡವನ್ನು ಹಂಚುತ್ತದೆ. ದಾರದಂಥ ಸಪೂರ ಎಲಾಸ್ಟಿಕ್ ಮೈಮೇಲೆ ಕೆಂಪು ಗೆರೆ ಬರೆಯುತ್ತದೆ. ಪಟ್ಟಿಯ ಜೊತೆಗೆ ಲಾಡಿಯೂ ಇರಲಿ.

ಐದನೆಯದು: ಬಣ್ಣ

ಮೇಲಿಂದ ಕೆಳಗೆ ಒಂದೇ ಬಣ್ಣ, ಅಥವಾ ಅದರದೇ ತಿಳಿ ಮತ್ತು ಗಾಢ ಛಾಯೆಗಳು. ತಲೆ ಕೆಡಿಸಿಕೊಳ್ಳದೆ ಒಪ್ಪವಾಗಿ ಕಾಣಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿಯದು. ತಿಳಿ ಬೂದು ಬಣ್ಣಕ್ಕೆ ಮಾತ್ರ ಎಚ್ಚರಿಕೆ: ಬೆವರಿನ ಕಲೆಯನ್ನು ಅದರಷ್ಟು ಚಾಡಿ ಹೇಳುವ ಬಣ್ಣ ಮತ್ತೊಂದಿಲ್ಲ.

ಆರನೆಯದು: ಬಾಗಿಲ ಬಳಿ ಮೂರನೇ ಬಟ್ಟೆ

ಮುಂಭಾಗ ತೆರೆದಿರುವ, ಗುಂಡಿಯ ಗೊಡವೆಯಿಲ್ಲದ ಒಂದು ಉದ್ದನೆಯ ಹಗುರ ಮೇಲುಡುಪನ್ನು ಮೊಳೆಗೆ ತೂಗುಹಾಕಿಡಿ. ಹಠಾತ್ತನೆ ಯಾರಾದರೂ ಬಂದರೆ ಅಥವಾ ವಿಡಿಯೊ ಕರೆ ಬಂದರೆ ಐದು ಸೆಕೆಂಡು ಸಾಕು. ಅದರ ಎರಡು ಉದ್ದ ಅಂಚುಗಳು ಮೈಗೆ ಎರಡು ನೇರ ಗೆರೆ ಎಳೆದುಕೊಡುತ್ತವೆ. ಒಳಗಿನ ದೊಗಳೆತನ ನಡುವಿನ ಪಟ್ಟಿಯಷ್ಟಕ್ಕೇ ಕಾಣುತ್ತದೆ. ನನ್ನ ಮನೆಯಲ್ಲಿ ಬಾಗಿಲ ಹಿಂದೆ ಅಡಗುವ ಆಟ ನಿಂತದ್ದು ಇದರಿಂದಲೇ.

ಕೊನೆಯದು: ಒಗೆತ

ಒಳಹೊರಗು ಮಾಡಿ ತಣ್ಣೀರಿನಲ್ಲಿ, ಹೆಚ್ಚೆಂದರೆ 30 ಡಿಗ್ರಿಯಲ್ಲಿ ಒಗೆಯಿರಿ. ಜೀನ್ಸ್ ಮತ್ತು ಜಿಪ್ ಇರುವ ಬಟ್ಟೆಗಳ ಜೊತೆ ಹಾಕಬೇಡಿ; ಆ ಉಜ್ಜಾಟದಿಂದಲೇ ಮೇಲ್ಮೈಯಲ್ಲಿ ನೂಲಿನ ಸಣ್ಣ ಉಂಡೆಗಳು ಏಳುತ್ತವೆ. ಬಿಸಿ ಡ್ರೈಯರ್ ಎಲಾಸ್ಟೇನ್‌ನ ಶತ್ರು. ಬಟ್ಟೆ ಮೃದುವಾಗಲೆಂದು ಹಾಕುವ ದ್ರವ ಎಳೆಗಳ ಮೇಲೆ ಪದರ ಕಟ್ಟಿ ಬೆವರು ಹೀರುವ ಶಕ್ತಿಯನ್ನು ತಗ್ಗಿಸುವುದರಿಂದ ಅದನ್ನೂ ಬಿಡಿ. ಹೆಣಿಗೆಯ ಭಾರದ ಬಟ್ಟೆಯನ್ನು ತೂಗುಹಾಕದೆ ಹರವಿ ಒಣಗಿಸಿ, ನೀರಿನ ಭಾರಕ್ಕೆ ಹೆಗಲು ಕೆಳಗಿಳಿಯುತ್ತದೆ.

ಒಗೆಯುವ ಮುನ್ನ ಲಾಡಿಯ ಎರಡೂ ತುದಿಗಳನ್ನು ಸೇರಿಸಿ ಒಂದು ಗಂಟು ಹಾಕಿ. ಮರೆತರೆ ಒಂದು ತುದಿ ಪಟ್ಟಿಯೊಳಗೆ ಸೇರಿಕೊಂಡಿರುತ್ತದೆ, ಅದು ಗೊತ್ತಾಗುವುದು ಅತ್ಯಂತ ಸುಸ್ತಾದ ದಿನವೇ. ಆಗ ಲಾಡಿಯನ್ನು ಪೂರ್ತಿ ಹೊರಗೆಳೆದು, ತುದಿಗೆ ದೊಡ್ಡ ಸೇಫ್ಟಿ ಪಿನ್ ಚುಚ್ಚಿ, ಪಟ್ಟಿಯ ಒಳಗೆ ಪಿನ್ನನ್ನು ಬೆರಳಿನಿಂದ ಒಂದಿಷ್ಟೊಂದಿಷ್ಟೇ ಮುಂದಕ್ಕೆ ತಳ್ಳುತ್ತ ಇನ್ನೊಂದು ತೂತಿನಿಂದ ಹೊರತೆಗೆಯಿರಿ. ಟಿವಿ ನೋಡುತ್ತ ಮಾಡಬಹುದಾದ ಕೆಲಸ.